ಅವಕೆಂಪು ಕಿರಣವೂ ದೇವನಹಳ್ಳಿಯ ಕಾವಳವೂ

ಗಣಕಯಂತ್ರಗಳನ್ನು ತಂತಿಯಿಲ್ಲದೆ ಒಂದಕ್ಕೊಂದು ಕೂಡಿಸುವ ಕಾರ್ಯಕ್ಕೆ ಇಂದು ರೇಡಿಯೋ ತರಂಗಗಳೇ ರೂಢಿಯಲ್ಲಿವೆ. ಬೆಳಕಿನ ಜಾತಿಗೇ ಸೇರಿ ಕಣ್ಣಿಗೆ ಕಾಣದಿರುವ ಅವಕೆಂಪು ಕಿರಣಗಳೂ ಈ ಕಾರ್ಯಕ್ಕೆ ಒದಗತಕ್ಕವು. ಇವನ್ನು ಕೊಠಡಿಯ ಗೋಡೆ ಸೂರುಗಳ ಮೇಲೆ ಚೆದರಿಸಿ ಸಂದೇಶ ಮುಟ್ಟಿಸುವ ಕ್ರಮವನ್ನು 1979ರಲ್ಲಿ ಸ್ವಿಟ್ಜರ್ಲೆಂಡಿನ ಐಬಿಎಂ ಸಂಶೋಧನಾಲಯದ ಗ್ಫೆಲ್ಲರ್, ಬಾಪ್ಸ್ಟ್ ಎಂಬುವರು ಪ್ರಕಟಿಸಿದರು. 1997ರಲ್ಲಿ 802.11 ಎಂಬ ನಿಯಮಾವಳಿಯು ಹೊರಬಂದಾಗ, ರೇಡಿಯೋವಿನ ಎರಡು ವಿಧಾನಗಳೊಡನೆ ಇದಕ್ಕೂ ಸ್ಥಾನ ದೊರೆಯಿತು. ವೇಗವು ಸೆಕೆಂಡಿಗೆ 1 ಅಥವಾ 2 ಮೆಗಾಬಿಟ್.

ಈ ಕಿರಣವು ಗೋಡೆಯನ್ನು ದಾಟದು. ಆದುದರಿಂದ ನೆರೆಯವರು ಸಂದೇಶವನ್ನು ಕದ್ದು ಕೇಳಲಾರರು. ಪಕ್ಕದ ಕೊಠಡಿಯಲ್ಲಿ ಅದೇ ಕಿರಣವನ್ನು ನಿರಾತಂಕವಾಗಿ ಬಳಸಬಹುದು. ಆದರೆ ಇದೇ ಕಾರಣದಿಂದ ಕೊಠಡಿಗೊಂದು ಉಪಕರಣವು ಬೇಕಾಗುವುದು. ಬಿಸಿಲಿನಲ್ಲಿಯೂ ಅವಕೆಂಪು ಅಂಶವು ಹೇರಳವಾಗಿರುವುದರಿಂದ ಕಿಟಕಿಯ ಬಳಿ ಸಂದೇಶವು ಮಸುಕಾಗುವುದು. ಮನೆಗಳಲ್ಲಿ ರೇಡಿಯೋ ಗೆದ್ದುದು ಆಶ್ಚರ್ಯವಲ್ಲ.

ಬಯಲಿನ ಮಾತು ಬೇರೆ. ನೆಲ ಅಗೆದು ತಂತಿ ಹೂಳಲಾಗದೆಡೆ, ಎರಡು ಗೋಪುರಗಳ ನಡುವೆ ಸಣ್ಣ ಕಿರಣವನ್ನು ಗುರಿಯಿಟ್ಟು ಹಾಯಿಸಬಹುದು. 2021ರಲ್ಲಿ ಆಲ್ಫಬೆಟ್ ಸಂಸ್ಥೆಯ ತಾರಾ ಯೋಜನೆಯವರು ಕಾಂಗೋ ನದಿಯ ಮೇಲೆ, ಬ್ರಾಜವಿಲ್ ಮತ್ತು ಕಿನ್ಶಾಸಾ ನಗರಗಳ ನಡುವಣ ಸುಮಾರು 5 ಕಿಲೋಮೀಟರನ್ನು ಹೀಗೆ ದಾಟಿಸಿದರು.

ಇದೇ ಏರ್ಪಾಡನ್ನು ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಬಯಲಿನಲ್ಲಿ ಮಾಡುವುದಾದರೆ ಮೊದಲು ವಿಚಾರಿಸತಕ್ಕುದು ಚಳಿಗಾಲದ ಕಾವಳವನ್ನು. 2008ರಲ್ಲಿ ತೆರೆದ ದೇವನಹಳ್ಳಿಯ ವಿಮಾನನಿಲ್ದಾಣದಲ್ಲಿ ಆ ದಿನಗಳ ಮುಂಜಾನೆ ವಿಮಾನಗಳು ತಡವಾಗುವುದನ್ನು ಪ್ರಯಾಣಿಕರು ಬಲ್ಲರು. ಅವಕೆಂಪು ಕಿರಣವು ಕಾವಳವನ್ನು ಭೇದಿಸುವುದೆಂಬ ನಂಬಿಕೆಯುಂಟು. ದಟ್ಟ ಕಾವಳದ ಮಟ್ಟಿಗೆ ಅದು ತಪ್ಪು. ಇಲ್ಲಿ ಬಳಸುವ ಕಿರಣಗಳ ಅಲೆಯುದ್ದ ಒಂದೆರಡು ಮೈಕ್ರಾನಿನೊಳಗೆ. ಕಾವಳದ ಹನಿಗಳು ಅನೇಕವೇಳೆ ಅದರ ಹತ್ತುಪಟ್ಟು ದೊಡ್ಡವು. ಅಂತಹ ಹನಿಗಳು ಕಾಣುವ ಬೆಳಕನ್ನೂ ಕಾಣದ ಬೆಳಕನ್ನೂ ಹೆಚ್ಚುಕಡಿಮೆ ಸಮನಾಗಿಯೇ ಚೆದರಿಸುವುವು. ಹನ್ನೆರಡು ಸೆಂಟಿಮೀಟರ್ ಅಲೆಯುದ್ದದ ರೇಡಿಯೋ ತರಂಗಕ್ಕೆ ಅವು ಇದ್ದೂ ಇಲ್ಲದಂತೆ.

ಬೆಳಕು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುವ ದೂರವನ್ನು ಹವಾಶಾಸ್ತ್ರಜ್ಞರು ದೃಷ್ಟಿಯ ಅಳತೆಯಾಗಿ ಇಟ್ಟುಕೊಂಡಿರುವರು. ಕಾವಳದಲ್ಲಿ ಈ ದೂರವು 500 ಮೀಟರ್ ಆದರೆ, 1 ಕಿಲೋಮೀಟರಿನಲ್ಲಿ ಉಳಿಯುವುದು 400ರಲ್ಲಿ ಒಂದು ಪಾಲು; 2 ಕಿಲೋಮೀಟರಿನಲ್ಲಿ 1,60,000ದಲ್ಲಿ ಒಂದು. ಮಳೆ ಇಷ್ಟು ಕೆಡುಕು ಮಾಡದು. ಅದರ ಹನಿಗಳು ದೊಡ್ಡವಾದರೂ ವಿರಳ. ಆದುದರಿಂದ ಈ ಸೀಮೆಯಲ್ಲಿ ಗೋಪುರಗಳ ಅಂತರವನ್ನು ಕುಗ್ಗಿಸುವುದು, ಇಲ್ಲವೆ ಕಿರಣದ ಜೊತೆಗೆ ನಿಧಾನವಾದ ರೇಡಿಯೋ ಕೊಂಡಿಯೊಂದನ್ನು ಇಟ್ಟು, ಬಿಸಿಲೇರಿ ಕಾವಳ ಕರಗುವವರೆಗೆ ಸಂದೇಶಗಳನ್ನು ಅದಕ್ಕೆ ಒಪ್ಪಿಸುವುದು ಅವಶ್ಯವಾಗುತ್ತದೆ.