ರಜೆಯ ಮಧ್ಯಾಹ್ನ, ಮನೆಯ ಮಾತು

ಕೊಯಮತ್ತೂರು ಜಿಲ್ಲೆಯ ಸಿರುಮುಗೈ ಭವಾನಿ ನದಿಯ ಬದಿಯ ನೇಕಾರರ ಊರು. ಮೇ ತಿಂಗಳ ಮಧ್ಯಾಹ್ನ ಊಟದ ಹೊತ್ತಿಗೆ ಇಲ್ಲಿಯ ದೇವಾಂಗ ಮನೆಗಳಲ್ಲಿ ಕೈಮಗ್ಗದ ಸದ್ದು ನಿಲ್ಲುತ್ತದೆ. ಹಿಂದೆ ಆ ಸದ್ದು ನಿಂತೊಡನೆ ಮನೆಮಂದಿಯ ಮಾತು ಕೇಳಿಸುತ್ತಿತ್ತು. ಈಗ ಕೇಳಿಸುವುದು ಬೇರೆಯದೇ ಸದ್ದು. ತಂದೆಯ ಕೈಯಲ್ಲೊಂದು ಮೊಬೈಲು, ಮಗನ ಕೈಯಲ್ಲೊಂದು. ತಾಯಿಯ ಮೊಬೈಲು ಕಿರಿಯ ಮಗಳ ಮಡಿಲಿನಲ್ಲಿ. ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುವ ಅಜ್ಜಿಯೊಬ್ಬಳ ಕೈ ಮಾತ್ರ ಬರಿದು. ಶಾಲೆಗೆ ರಜೆ ಬಂದಿದೆ, ಮಕ್ಕಳು ಮನೆಯಲ್ಲಿದ್ದಾರೆ. ಆದರೂ ಅಜ್ಜಿಗೆ ಮಾತನಾಡಲು ಜೊತೆಯಿಲ್ಲ.

ಈ ಚಿತ್ರ ಇಂದು ಎಲ್ಲ ಊರುಗಳಲ್ಲಿಯೂ ಕಾಣುವಂಥದ್ದೇ. ಆದರೆ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಇದರಿಂದಾಗುವ ನಷ್ಟ ಬೇರೆಡೆಗಿಂತ ದೊಡ್ಡದು. ಅದನ್ನು ತಿಳಿಯಬೇಕಾದರೆ ಈ ಸೀಮೆಯ ಕನ್ನಡ ಇಷ್ಟು ಕಾಲ ಬದುಕಿ ಬಂದ ಬಗೆಯನ್ನು ನೋಡಬೇಕು.

1799ರಲ್ಲಿ ಟಿಪ್ಪುವಿನ ಪತನವಾಗುವವರೆಗೆ ಕೊಯಮತ್ತೂರು ಸೀಮೆ ಮೈಸೂರಿನ ಆಳ್ವಿಕೆಗೆ ಸೇರಿತ್ತು. ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯ ತನಕ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇತ್ತು. ಆ ವರ್ಷದ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು; ದಿಂಬಂ ಘಟ್ಟದ ಕೆಳಗಿನ ಬಯಲಿನ ಕನ್ನಡಿಗರು ಮದರಾಸು ರಾಜ್ಯದಲ್ಲಿ ಉಳಿದರು. ಮಗ್ಗದ ದೇವಾಂಗರು, ಬೇಸಾಯದ ಒಕ್ಕಲಿಗರು ಅವರಲ್ಲಿ ಮುಖ್ಯರು. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ನೂರಕ್ಕೆ 1.78ರಷ್ಟು. ತಾಳವಾಡಿ, ಹೊಸೂರು ಕಡೆಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಬಯಲಿನ ಈ ಮನೆಗಳ ಮಕ್ಕಳಾದರೋ ತಲೆಮಾರುಗಳಿಂದ ಓದಿದ್ದು ಬಹುಪಾಲು ತಮಿಳಿನಲ್ಲಿ, ಈಚೆಗೆ ಇಂಗ್ಲಿಷಿನಲ್ಲಿ. ಅವರಲ್ಲಿ ಅನೇಕರಿಗೆ ಕನ್ನಡ ಲಿಪಿಯ ಪರಿಚಯವೇ ಇಲ್ಲ. ಪುಸ್ತಕದ ಬೆಂಬಲವಿಲ್ಲದೆ, ಬರಿಯ ಬಾಯಿಮಾತಿನಿಂದಲೇ ಈ ಕನ್ನಡ ಉಳಿದು ಬಂದಿದೆ. ಮನೆಯೇ ಅದರ ಶಾಲೆ. ರಜೆಯ ದಿನಗಳೇ ಅದರ ಪಾಠದ ಅವಧಿ.

ಆ ಪಾಠವನ್ನು ಯಾರೂ ಪಾಠವೆಂದು ಹೇಳಿಕೊಡುತ್ತಿರಲಿಲ್ಲ. ಅದಕ್ಕೆ ಕಾರಣವಾಗುತ್ತಿದ್ದುದು ಮಕ್ಕಳ ಬೇಸರ. ಬಿಸಿಲಿಗೆ ಹೊರಗೆ ಹೋಗುವಂತಿಲ್ಲ, ಮಾಡಲು ಕೆಲಸವಿಲ್ಲ. ಬೇಸತ್ತ ಮಗು ಅಜ್ಜಿಯ ಪಕ್ಕಕ್ಕೆ ಬಂದು ಕುಳಿತು, ಇದೇನು, ಅದೇಕೆ ಎಂದು ಕಾಡುತ್ತಿತ್ತು. ಲಾಳಿ, ಹಾಸು, ಹೊಕ್ಕು ಎಂಬ ಮಾತುಗಳು ಆ ಪ್ರಶ್ನೆಗಳಿಗೆ ಉತ್ತರವಾಗಿ ಮಗುವಿನ ಬಾಯಿಗೆ ಬರುತ್ತಿದ್ದವು. ಯಾರ ಮನೆಗೆ ಯಾರು ಹೆಣ್ಣು ಕೊಟ್ಟರು, ಕುಲದೇವತೆಗೆ ಹರಕೆ ಹೊತ್ತದ್ದು ಏತಕ್ಕೆ ಎಂಬ ಮನೆತನದ ಸಂಗತಿಗಳು ಕಿವಿಗೆ ಬೀಳುತ್ತಿದ್ದವು. ಒಗಟು ಹೇಳುವುದೂ ಅಳಗುಳಿಮಣೆಯಲ್ಲಿ ಎಣಿಸುವುದೂ ಅಲ್ಲಿಯೇ ನಡೆಯುತ್ತಿದ್ದವು. ಹಿಂದಿನ ರಜೆಗಳೆಲ್ಲ ಸ್ವರ್ಗವಾಗಿದ್ದವೆಂದೇನೂ ಅಲ್ಲ. ಬೈಗುಳವಿತ್ತು, ಜಗಳವಿತ್ತು, ಆದರೆ ಬೈಗುಳವೂ ಕನ್ನಡದಲ್ಲಿಯೇ ಇತ್ತು.

ಮೊಬೈಲು ಬಂದ ಮೇಲೆ ಮಕ್ಕಳಿಗೆ ಬೇಸರವೆಂಬುದೇ ಇಲ್ಲದಂತಾಯಿತು. ಒಂದು ವೀಡಿಯೊ ಮುಗಿಯುವ ಮೊದಲೇ ಇನ್ನೊಂದು ಸಿದ್ಧವಾಗಿರುತ್ತದೆ. ನೋಡುಗರು ಏನನ್ನು ಎಷ್ಟು ಹೊತ್ತು ನೋಡಿದರೆಂದು ಲೆಕ್ಕವಿಟ್ಟು, ಅದೇ ಜಾತಿಯ ಮತ್ತೊಂದನ್ನು ಮುಂದಿಡುವಂತೆ ಆ ವ್ಯವಸ್ಥೆಯನ್ನು ಕಟ್ಟಲಾಗಿದೆ. ಬಳಕೆದಾರರು ಇರುವ ಊರು, ಅವರು ಹಿಂದೆ ಹುಡುಕಿದ ಭಾಷೆ ಇವೂ ಆ ಲೆಕ್ಕದಲ್ಲಿ ಸೇರುತ್ತವೆ. ಆದುದರಿಂದ ಕೊಯಮತ್ತೂರಿನ ಮಗುವಿನ ಮುಂದೆ ತಮಿಳು, ಇಂಗ್ಲಿಷು ತಾವಾಗಿಯೇ ಬರುತ್ತವೆ. ಕನ್ನಡವನ್ನು ಹುಡುಕಿ ತರಬೇಕಾಗುತ್ತದೆ. ತಮಿಳಿನ ಮೇಲೆ ಈ ಮನೆಗಳಿಗೆ ಮುನಿಸಿಲ್ಲ; ಅದು ನೆರೆಯ ಭಾಷೆ, ಅನ್ನದ ಭಾಷೆ. ಆದರೆ ಬೀದಿಗೆ ಬೀದಿಯ ಭಾಷೆ, ಮನೆಗೆ ಮನೆಯ ಭಾಷೆ ಎಂದು ಹಿರಿಯರು ಹಾಕಿಕೊಂಡಿದ್ದ ಗೆರೆಯನ್ನು ಈ ಪುಟ್ಟ ಯಂತ್ರ ಸದ್ದಿಲ್ಲದೆ ಅಳಿಸಿಹಾಕಿತು.

ಯಂತ್ರವೊಂದನ್ನೇ ದೂರುವುದು ನ್ಯಾಯವಲ್ಲ. ಅದನ್ನು ಅನೇಕ ಮಕ್ಕಳ ಕೈಗೆ ಕೊಟ್ಟದ್ದು ಶಾಲೆಯೇ. 2020ರಲ್ಲಿ ಕೊರೊನಾ ನಿಮಿತ್ತ ತರಗತಿಗಳು ಮುಚ್ಚಿದಾಗ ಪಾಠ ಮೊಬೈಲಿನಲ್ಲಿ ಬಂತು. ಶಾಲೆಗಳು ತೆರೆದ ಮೇಲೆಯೂ ಮೊಬೈಲು ಕೈಯಲ್ಲಿಯೇ ಉಳಿಯಿತು. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ, ಪಲ್ಲಡದ ಪವರ್‌ಲೂಮುಗಳಲ್ಲಿ ಪಾಳಿಯ ಮೇಲೆ ದುಡಿಯುವ ತಂದೆತಾಯಿಗಳಿಗೆ ಮನೆಯಲ್ಲಿರುವ ಮಕ್ಕಳನ್ನು ವಿಚಾರಿಸಿಕೊಳ್ಳಲು ಅದೇ ದಾರಿ. ನೇಕಾರನಿಗೆ ಸೀರೆಯ ವಿನ್ಯಾಸ ಬರುವುದೂ ವ್ಯಾಪಾರಿಯ ಕರೆ ಬರುವುದೂ ಅದರಲ್ಲಿಯೇ. ಭಾನುವಾರದ ಊಟದ ನಡುವೆ ಅದು ಬಾರಿಸಿದರೆ ಎದ್ದುಹೋಗದೆ ವಿಧಿಯಿಲ್ಲ. ಕೊಳ್ಳೇಗಾಲದ ನೆಂಟರ ಮುಖವನ್ನು ಬಸ್ಸು ಹತ್ತದೆಯೇ ತೋರಿಸುವುದೂ ಅದೇ ಯಂತ್ರ.

ಹಬ್ಬದ ದಿನವೂ ಅದು ಬಿಡುವುದಿಲ್ಲ. ನವರಾತ್ರಿಯ ಕೊನೆಗೆ ಕೊಯಮತ್ತೂರಿನಲ್ಲಿ ದೇವಾಂಗರು ಚೌಡೇಶ್ವರಿಯನ್ನು ಮೆರವಣಿಗೆಯಲ್ಲಿ ಕರೆತರುತ್ತಾರೆ. ತರುಣರು ಎದೆಗೂ ತೋಳಿಗೂ ಕತ್ತಿಯಿಂದ ಹೊಡೆದುಕೊಂಡು ದೇವಿಯನ್ನು ಕರೆಯುತ್ತಾರೆ. ಗಾಯಕ್ಕೆ ಅರಿಸಿನ ಹಾಕುತ್ತಾರೆ. ಇಂದು ಆ ಬೀದಿಯಲ್ಲಿ ಕತ್ತಿಗಳ ಜೊತೆಗೆ ಮೊಬೈಲುಗಳೂ ಮೇಲೆದ್ದಿರುತ್ತವೆ. ಸೆರೆಹಿಡಿದ ದೃಶ್ಯ ದೂರದೇಶದ ಬಂಧುಗಳಿಗೂ ತಲಪುತ್ತದೆಂಬುದು ನಿಜ. ಆದರೆ ದೃಶ್ಯವನ್ನು ಕಳುಹಿಸಿದ ಹುಡುಗ, ದೇವಿಯನ್ನು ಹೀಗೇಕೆ ಕರೆಯುತ್ತಾರೆಂದು ಅಜ್ಜನನ್ನು ಕೇಳದೆ ಹೋದರೆ, ಆ ದೃಶ್ಯದ ಅರ್ಥ ಅಜ್ಜನೊಂದಿಗೇ ಹೋಗಿಬಿಡುತ್ತದೆ.

ಇದಕ್ಕೆ ಕಾನೂನಿನಲ್ಲಿ ಪರಿಹಾರವಿದೆಯೇ? ಸಂವಿಧಾನದ 29ನೆಯ ಅನುಚ್ಛೇದ ತಮ್ಮ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಕಾಪಾಡಿಕೊಳ್ಳುವ ಹಕ್ಕನ್ನು ಕೊಟ್ಟಿದೆ. 30ನೆಯದು ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. 1956ರಲ್ಲಿ ಸೇರಿಸಲಾದ 350ಎ ಅನುಚ್ಛೇದ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೆಯ ಪ್ರಕರಣದಂತೆ, 18 ವರ್ಷ ತುಂಬದವರ ದತ್ತಾಂಶ ಬಳಸಲು ಪೋಷಕರ ಸಮ್ಮತಿ ಬೇಕು. ಮಕ್ಕಳ ನಡವಳಿಕೆಯ ಜಾಡು ಹಿಡಿಯುವುದನ್ನೂ ಅವರನ್ನೇ ಗುರಿಯಾಗಿಸಿದ ಜಾಹೀರಾತನ್ನೂ ಅದು ನಿಷೇಧಿಸುತ್ತದೆ. ಇವೆಲ್ಲವೂ ಬೇಕಾದವೇ. ಆದರೆ ಶಾಲೆಯ ಕನ್ನಡಕ್ಕಾಗಿ ನ್ಯಾಯಾಲಯದ ಬಾಗಿಲು ತಟ್ಟಬಹುದು. ಮನೆಯ ನಡುಮನೆಯಲ್ಲಿ ಕನ್ನಡ ಮಾತನಾಡಿಸಿ ಎಂದು ಕೇಳುವ ಅರ್ಜಿಯನ್ನು ಯಾವ ನ್ಯಾಯಾಲಯದಲ್ಲಿಯೂ ಹಾಕಲಾಗದು. ಅಲ್ಲಿ ಕಟ್ಟಳೆ ಮಾಡಬೇಕಾದವರು ಮನೆಯವರೇ.

ಅಂಥ ಕಟ್ಟಳೆ ಅಸಾಧ್ಯವೇನಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ 7 ಗಂಟೆಗೆ ಸೈರನ್ ಕೂಗಿಸುವ ಪದ್ಧತಿ ಬಂತು. ಆ ಕೂಗಿಗೆ ಮನೆಮನೆಯ ಮೊಬೈಲು, ಟಿವಿ ಆರಬೇಕು, 8.30ಕ್ಕೆ ಎರಡನೆಯ ಕೂಗಾಗುವವರೆಗೆ ಓದು ಮತ್ತು ಮಾತು. ಸರಕಾರದ ಆದೇಶದಿಂದಲ್ಲ, ಗ್ರಾಮಸ್ಥರು ಕೂಡಿ ಒಪ್ಪಿದ್ದರಿಂದ ಇದು ನಡೆಯಿತು. ದೊಡ್ಡವರೂ ತಮ್ಮ ಮೊಬೈಲನ್ನು ಕೆಳಗಿಡಬೇಕಾದದ್ದೇ ಅದರ ಮುಖ್ಯಾಂಶ. ತಂದೆ ನೋಡುತ್ತಲೇ ಕುಳಿತು ಮಗನಿಗೆ ಬೇಡವೆಂದರೆ ಯಾವ ಮಗನೂ ಕೇಳುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಮಕ್ಕಳನ್ನು ಓದಿಸುವ ಮನೆಗಳಿಗೆ ಸಿರುಮುಗೈ, ಪಲ್ಲಡಗಳ ಸಂಗತಿ ದೂರದ್ದೆಂದು ತೋರಬಹುದು. ಹಾಗಲ್ಲ. ಶಾಲೆಯಲ್ಲಿ ಕಲಿಸುವುದು ಪುಸ್ತಕದ ಕನ್ನಡ. ಅಜ್ಜಿಯ ಕನ್ನಡವನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಶಾಲೆಯಿಲ್ಲದೆ ಮನೆಯಿಂದಲೇ ಇಷ್ಟು ಕಾಲ ಉಳಿದ ಭಾಷೆ ಮನೆ ಮೌನವಾದೊಡನೆ ಸೊರಗುವುದಾದರೆ, ಶಾಲೆಯೊಂದನ್ನೇ ನಂಬಿ ಕುಳಿತವರೂ ಎಚ್ಚರಗೊಳ್ಳಬೇಕಾಗಿದೆ. ಜೊತೆಗೆ, ಬಯಲಿನ ಮಕ್ಕಳಿಗೆ ಇಲ್ಲದ ಸಂಪತ್ತೊಂದು ಕನ್ನಡ ಶಾಲೆಯ ಮಕ್ಕಳಲ್ಲಿದೆ; ಅದು ಲಿಪಿ. ಅಜ್ಜಿಯ ಮಾತನ್ನು ಕೇಳಿ ಬರೆದಿಡಬಲ್ಲವರು ಅವರು.

ಇದಕ್ಕೆ ಮೊಬೈಲೇ ನೆರವಾಗಬಲ್ಲದು. 2017ರಿಂದಲೇ ಗೂಗಲ್‌ನಲ್ಲಿ ಕನ್ನಡವನ್ನು ಮಾತಾಡಿ ಟೈಪು ಮಾಡಿಸುವ ಸೌಲಭ್ಯವಿದೆ. ಆದರೆ ಅಜ್ಜಿಯ ಆಡುಮಾತನ್ನು ಅದು ತಪ್ಪಾಗಿ ಬರೆಯುವುದೇ ಹೆಚ್ಚು. ಆ ತಪ್ಪನ್ನು ತಿದ್ದಲು ಮೊಮ್ಮಗಳೇ ಬೇಕು. ಈ ರಜೆಯಲ್ಲಿ ದಿನಕ್ಕೊಂದು ಗಂಟೆ ಮನೆಯ ಮೊಬೈಲುಗಳೆಲ್ಲ ಮೂಲೆಗೆ ಸರಿಯಲಿ. ಒಂದು ಮಾತ್ರ ಅಜ್ಜಿಯ ಧ್ವನಿಯನ್ನು ಹಿಡಿದಿಡಲು ಪಕ್ಕದಲ್ಲಿರಲಿ. ಮಗುವಿನ ಮುಂದೆ ನೋಟುಬುಕ್ಕೊಂದಿರಲಿ. ಮೊದಲ ದಿನ ಮಗುವಿಗೆ ಬೇಸರವಾದೀತು. ಆಗಲಿ. ಸ್ವಲ್ಪ ಹೊತ್ತಿನಲ್ಲಿಯೇ ಅದು ಅಜ್ಜಿಯ ಕಡೆಗೆ ತಿರುಗಿ, ಇದೇನು ಎಂದು ಕೇಳುತ್ತದೆ.