ಕಂಪ್ಯೂಟರಿಗೆ ಚಾಟಿ ಬೀಸುವ ಮುನ್ನ

ಕಳೆದ ಬೇಸಿಗೆ ರಜೆಗೆ ಚನ್ನರಾಯಪಟ್ಟಣದಿಂದ ನನ್ನ ಮಗಳ ಮಗ ಹಾಸನದ ನಮ್ಮ ಮನೆಗೆ ಬಂದಿದ್ದ. ಆಗಷ್ಟೇ ಪಿಯುಸಿ ಮುಗಿಸಿದ ಹುಡುಗ. ಬಂದವನು ಕೈಕಾಲು ತೊಳೆಯುವ ಮೊದಲೇ ನನ್ನ ಕಂಪ್ಯೂಟರ್ ಮುಂದೆ ಕೂತ.

"ತಾತ, ನಿಮ್ಮ ಸಿಸ್ಟಮ್ ನಿದ್ದೆ ಮಾಡ್ತಾ ಇದೆ. ಒಂದು ರೂಪಾಯಿ ಖರ್ಚಿಲ್ಲದೆ ಇದನ್ನ ಓಡಿಸ್ತೀನಿ ನೋಡಿ" ಅಂದ.

"ಏನು ಮಾಡ್ತೀಯೋ?"

"ಓವರ್‌ಕ್ಲಾಕಿಂಗ್!"

ಕಂಪ್ಯೂಟರ್ ಶುರುವಾಗುವಾಗ ಯಾವುದೋ ಕೀಲಿ ಒತ್ತಿ ಒಂದು ಪರದೆ ತೆರೆದ. ಎರಡು ಅಂಕಿಗಳನ್ನು ಬದಲಿಸಿದ. ಅವನ ಆಟ ಮೊದಲಿಗಿಂತ ಚುರುಕಾಗಿ ಓಡಿತು. ನಾನೂ ಖುಷಿಪಟ್ಟೆ. ಖರ್ಚಿಲ್ಲದ ಲಾಭ ಯಾರಿಗೆ ಬೇಡ?

ಆ ದಿನಗಳಲ್ಲಿ ನಾನೊಂದು ಕೆಲಸ ಹಿಡಿದಿದ್ದೆ. ಅರಕಲಗೂಡು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ 1986ರಲ್ಲಿ ನನ್ನ ತಂಗಿಯ ಮದುವೆಯಾಯಿತು. ಆಗ ನಮ್ಮಮ್ಮ ಹಾಡಿದ ಸೋಬಾನೆ ಪದಗಳು ಮತ್ತು ಆಮೇಲೆ ಬಿಡುವಾದಾಗಲೆಲ್ಲ ಹಾಡಿಸಿದ ಪದಗಳು ಸೇರಿ 11 ಕ್ಯಾಸೆಟ್ ನನ್ನ ಬಳಿ ಇದ್ದವು. ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ತಂತಿ ಕೊಟ್ಟು ಒಂದೊಂದನ್ನೇ ತುಂಬಿಸಿ, ಗುರ್ ಎನ್ನುವ ಸದ್ದು ತೆಗೆದು, ಎಲ್ಲವನ್ನೂ ಗಂಟುಕಟ್ಟಿದಂತೆ ಜಿಪ್ ಮಾಡಿ ಇಟ್ಟೆ. ಜಾಗ ಉಳಿಯಲಿ ಎಂದು ಮೂಲ ಕಡತಗಳನ್ನು ಅಳಿಸಿದೆ. ವಾರದ ನಂತರ ತೆರೆದರೆ 3 ಕ್ಯಾಸೆಟ್ಟಿನ ಕಡತಗಳು ಕೆಟ್ಟಿವೆ ಎಂಬ ಸೂಚನೆ ಬಂತು. ಕಂಪ್ಯೂಟರ್ ಒಂದು ಸಲವೂ ನಿಂತಿರಲಿಲ್ಲ, ಏನೂ ತಕರಾರು ಮಾಡಿರಲಿಲ್ಲ. ಹಾಗಾದರೆ ತಪ್ಪಾದದ್ದು ಎಲ್ಲಿ? ಮಕ್ಕಳೇ, ಅದನ್ನು ಹುಡುಕುತ್ತಾ ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಮಿಡಿತ ಎಂದರೇನು?

ನಮಗೆ ಎದೆ ಬಡಿತ ಇರುವಂತೆ ಕಂಪ್ಯೂಟರಿನ ಪ್ರೊಸೆಸರಿಗೂ ಒಂದು ಮಿಡಿತ ಇದೆ. ಒಂದೊಂದು ಮಿಡಿತಕ್ಕೆ ಅದು ಒಂದೊಂದು ಹೆಜ್ಜೆ ಕೆಲಸ ಮಾಡುತ್ತದೆ. 1981ರಲ್ಲಿ ಬಂದ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 47.7 ಲಕ್ಷ ಮಿಡಿತ. ನನ್ನ ಪ್ರೊಸೆಸರಿನದು 4 ಗಿಗಾಹರ್ಟ್ಸ್. ಅದು ಸೆಕೆಂಡಿಗೆ 400 ಕೋಟಿ! ಮದರ್‌ಬೋರ್ಡ್ ಕೊಡುವ 100 ಮೆಗಾಹರ್ಟ್ಸ್ ಮೂಲ ಮಿಡಿತವನ್ನು ಪ್ರೊಸೆಸರ್ 40ರಿಂದ ಗುಣಿಸಿಕೊಳ್ಳುತ್ತದೆ. ಮೊಮ್ಮಗ ಆ 40ನ್ನು 44 ಮಾಡಿದ್ದ. ವೇಗ 4.4 ಗಿಗಾಹರ್ಟ್ಸ್ ಆಯಿತು. ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಹೀಗೆ ಓಡಿಸುವುದೇ ಓವರ್‌ಕ್ಲಾಕಿಂಗ್.

ಇದು ಸಾಧ್ಯವಾಗುವುದು ಹೇಗೆ? ಎಂಥ ಸೆಖೆಯಲ್ಲೂ ಯಾರ ಮನೆಯಲ್ಲೂ ಕೆಲಸ ಮಾಡಲಿ ಎಂದು ಕಂಪನಿಯವರು ಸ್ವಲ್ಪ ಶಕ್ತಿಯನ್ನು ಉಳಿಸಿಟ್ಟೇ ವೇಗ ನಿಗದಿ ಮಾಡುತ್ತಾರೆ. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ಬಂತು. ಮೂಲ ಮಿಡಿತವನ್ನು 66ರಿಂದ 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಆ ಪ್ರೊಸೆಸರ್ 450ರಲ್ಲಿ ಓಡುತ್ತಿತ್ತು. ಅರ್ಧದಷ್ಟು ಹೆಚ್ಚುವರಿ ವೇಗ ಪುಕ್ಕಟೆ! ಈಗಿನ ಪ್ರೊಸೆಸರುಗಳು ಅಗತ್ಯ ಬಿದ್ದಾಗ ತಾವೇ ವೇಗ ಏರಿಸಿಕೊಳ್ಳುತ್ತವೆ. ಹಾಗಾಗಿ ನಮಗೆ ಉಳಿಯುವುದು ತೀರಾ ಸ್ವಲ್ಪ.

ಚಕ್ರಬಡ್ಡಿಯ ಲೆಕ್ಕ

ಮೊಮ್ಮಗ ಬದಲಿಸಿದ ಎರಡನೇ ಅಂಕಿ ವೋಲ್ಟೇಜು. ವೇಗ ಹೆಚ್ಚಿದಾಗ ಪ್ರೊಸೆಸರಿನ ಒಳಗಿನ ಸಣ್ಣ ಸಣ್ಣ ಸ್ವಿಚ್ಚುಗಳು ಇನ್ನೂ ಬೇಗ ಬದಲಾಗಬೇಕು. ಅದಕ್ಕೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಅವನು 1.20 ವೋಲ್ಟನ್ನು 1.32 ಮಾಡಿದ್ದ. ವೇಗವೂ ಶೇಕಡ 10 ಹೆಚ್ಚಾಯಿತು, ವೋಲ್ಟೇಜೂ ಶೇಕಡ 10 ಹೆಚ್ಚಾಯಿತು. "ಬಿಸಿಯೂ ಶೇಕಡ 10 ತಾನೆ ತಾತ?" ಅಂದ.

ಅಲ್ಲ. ಬಿಸಿ ಹೆಚ್ಚುವುದು ವೇಗದ ಲೆಕ್ಕದಲ್ಲಿ ಒಂದು ಸಲ, ವೋಲ್ಟೇಜಿನ ಲೆಕ್ಕದಲ್ಲಿ ಎರಡು ಸಲ. ನಾನು ಕಾಗದದ ಮೇಲೆ ಬರೆದು ತೋರಿಸಿದೆ: 100 ಇದ್ದದ್ದು 110, ಆಮೇಲೆ 121, ಆಮೇಲೆ 133.10. ಬ್ಯಾಂಕಿನಲ್ಲಿ 100 ರೂಪಾಯಿಗೆ ಶೇಕಡ 10ರಂತೆ ಮೂರು ವರ್ಷದ ಚಕ್ರಬಡ್ಡಿ ಹಾಕಿದರೂ ಇದೇ ಉತ್ತರ. ಹತ್ತು ಪಾಲು ವೇಗಕ್ಕೆ ಮೂವತ್ತಮೂರು ಪಾಲು ಬಿಸಿ. ಪುಕ್ಕಟೆ ಅಂದುಕೊಂಡದ್ದು ಸಾಲ ಎಂದು ಆಗ ತಿಳಿಯಿತು.

ಬಿಸಿ ಹೊರಹೋಗುವ ದಾರಿ

ಪ್ರೊಸೆಸರಿನ ಬಿಸಿ ಮೊದಲು ಅದರ ಮೇಲೆ ಹಚ್ಚಿದ ಥರ್ಮಲ್ ಪೇಸ್ಟಿಗೆ, ಅಲ್ಲಿಂದ ಲೋಹದ ರೆಕ್ಕೆಗಳಿರುವ ಹೀಟ್‌ಸಿಂಕಿಗೆ, ಅಲ್ಲಿಂದ ಫ್ಯಾನಿನ ಗಾಳಿಗೆ, ಕೊನೆಗೆ ಕೋಣೆಗೆ ಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ಬಿಸಿ ಹಿಂದೆ ನಿಲ್ಲುತ್ತದೆ. ತಳ ಸೊಟ್ಟಗಾದ ಕಾವಲಿಯಲ್ಲಿ ದೋಸೆ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿ ಉಳಿಯುತ್ತದಲ್ಲ, ಹಾಗೆಯೇ ಎರಡು ಲೋಹಗಳ ನಡುವೆ ಗಾಳಿ ಸಿಕ್ಕಿಕೊಂಡರೆ ಬಿಸಿ ದಾಟುವುದಿಲ್ಲ. ಆ ಸಂದು ತುಂಬಲೆಂದೇ ಪೇಸ್ಟು.

ಫ್ಯಾನು ಎಷ್ಟೇ ಜೋರಾಗಿ ತಿರುಗಿದರೂ ಪ್ರೊಸೆಸರನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಮೊದಲಿನ ವೇಗದಲ್ಲಿ ಕಷ್ಟದ ಕೆಲಸ ಕೊಟ್ಟಾಗ ನಮ್ಮದು ಕೋಣೆಗಿಂತ 45 ಡಿಗ್ರಿ ಹೆಚ್ಚು ಬಿಸಿಯಾಗುತ್ತಿತ್ತು. ಚಾಟಿ ಬೀಸಿದ ಮೇಲೆ ಅದು 60 ಆಯಿತು. ಡಿಸೆಂಬರಿನಲ್ಲಿ ಕೋಣೆ 20 ಡಿಗ್ರಿ ಇದ್ದಿದ್ದರೆ 80ಕ್ಕೆ ನಿಲ್ಲುತ್ತಿತ್ತು. ಆದರೆ ಅದು ಏಪ್ರಿಲ್. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ತಂಪು ಹಾಸನದಲ್ಲೂ ಆ ಮಧ್ಯಾಹ್ನ ಕೋಣೆ 33 ಡಿಗ್ರಿ ಇತ್ತು. ಪ್ರೊಸೆಸರ್ 93 ಮುಟ್ಟಿತು. ಅನೇಕ ಪ್ರೊಸೆಸರುಗಳು 95ರಿಂದ 100 ಡಿಗ್ರಿಯ ಹತ್ತಿರ ತಮ್ಮನ್ನು ಕಾಪಾಡಿಕೊಳ್ಳಲು ತಾವೇ ವೇಗ ಇಳಿಸುತ್ತವೆ. ಅಲ್ಲಿಗೆ ಏರಿಸಿದ್ದೂ ವ್ಯರ್ಥ.

ದಾಖಲೆ ಮಾಡುವವರ ಕಥೆ ಬೇರೆ. 2011ರಲ್ಲಿ ಎಎಂಡಿ ಕಂಪನಿಯ ಎಫ್‌ಎಕ್ಸ್-8150 ಪ್ರೊಸೆಸರನ್ನು 8.429 ಗಿಗಾಹರ್ಟ್ಸ್‌ಗೆ ಓಡಿಸಿ ಗಿನ್ನೆಸ್ ದಾಖಲೆ ಬರೆದರು. ಅದಕ್ಕೆ ಬಳಸಿದ್ದು ಸೊನ್ನೆಗಿಂತ 269 ಡಿಗ್ರಿ ಕೆಳಗೆ ಕುದಿಯುವ ದ್ರವ ಹೀಲಿಯಂ! ಅದು ಕೆಲವೇ ಕ್ಷಣಗಳ ಓಟ, ದಿನನಿತ್ಯದ ಬೇಸಾಯವಲ್ಲ.

ತಾಳೆ ನೋಡದ ಲೆಕ್ಕ

ಕ್ಯಾಸೆಟ್ಟಿನ ವಿಷಯಕ್ಕೆ ಬರೋಣ. ಒಂದು ಮಿಡಿತದ ಕೆಲಸ ಮುಗಿಯುವ ಮೊದಲೇ ಮುಂದಿನ ಮಿಡಿತ ಬಂದುಬಿಟ್ಟರೆ ಎಲ್ಲೋ ಒಂದು ಕಡೆ 0 ಇರಬೇಕಾದ ಜಾಗದಲ್ಲಿ 1 ಕೂರುತ್ತದೆ. ಕೆಲವು ಸಲ ಕಂಪ್ಯೂಟರ್ ತಟಕ್ಕನೆ ನಿಲ್ಲುತ್ತದೆ. ಅದು ಒಳ್ಳೆಯದೇ, ಕನಿಷ್ಠ ನಮಗೆ ಗೊತ್ತಾಗುತ್ತದೆ. ಕೆಲವು ಸಲ ಅದು ಸುಮ್ಮನೆ ತಪ್ಪು ಉತ್ತರ ಬರೆದು ಮುಂದೆ ಹೋಗುತ್ತದೆ. ನಮ್ಮಲ್ಲಿ ಆದದ್ದು ಅದೇ. ಆಟದಲ್ಲಿ ಒಂದು ಚುಕ್ಕೆಯ ಬಣ್ಣ ಕ್ಷಣ ಕಾಲ ತಪ್ಪಿದರೆ ಯಾರಿಗೂ ಕಾಣದು. ಜಿಪ್ ಕಡತದಲ್ಲಿ ಪ್ರತಿ ಹಾಡಿನ ಜೊತೆಗೂ ಒಂದು ತಾಳೆ ಸಂಖ್ಯೆ ಇರುತ್ತದೆ. ತೆರೆಯುವಾಗ ಅದು ಹೊಂದದೆ ತಪ್ಪು ಸಿಕ್ಕಿಬಿತ್ತು.

ನಾನು ಹೊಳೆನರಸೀಪುರದ ಶಾಖೆಯಲ್ಲಿ ಗುಮಾಸ್ತನಾಗಿದ್ದಾಗ ಕೈಬರಹದ ಲೆಡ್ಜರುಗಳಿದ್ದವು. ಸಂಜೆ ಲೆಕ್ಕ ತಾಳೆಯಾಗದಿದ್ದರೆ, ಒಂದೇ ರೂಪಾಯಿ ವ್ಯತ್ಯಾಸವಿದ್ದರೂ, ಯಾರೂ ಮನೆಗೆ ಹೋಗುವಂತಿರಲಿಲ್ಲ. ವೇಗವಾಗಿ ಬರೆಯುವವನಿಗಿಂತ ಸರಿಯಾಗಿ ಬರೆಯುವವನಿಗೇ ಹೆಚ್ಚು ಬೆಲೆ. ಮೊಮ್ಮಗನಿಗೆ ಕೇಳಿದೆ: "ನೀನು ತಾಳೆ ನೋಡಿದೆಯಾ ಮಗಾ?"

"ಅರ್ಧ ಗಂಟೆ ಆಟ ಆಡಿದೆನಲ್ಲ ತಾತ" ಅಂದ. ಆಮೇಲೆ ತಲೆ ತಗ್ಗಿಸಿದ.

ತಾಳೆ ನೋಡಲು ಬೇರೆಯೇ ಪ್ರೋಗ್ರಾಂಗಳಿವೆ. ಪ್ರೈಮ್95 ಅವುಗಳಲ್ಲಿ ಒಂದು. ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು 1996ರಲ್ಲಿ ಆರಂಭವಾದ ಜಿಂಪ್ಸ್ ಯೋಜನೆಯ ಪ್ರೋಗ್ರಾಂ ಅದು. ಈ ಯೋಜನೆಯಲ್ಲಿ 2024ರಲ್ಲಿ ಪ್ರಕಟವಾದ ಅವಿಭಾಜ್ಯ ಸಂಖ್ಯೆಯಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ! ಪರೀಕ್ಷೆಗೆ ಹಚ್ಚಿದಾಗ ಪ್ರೈಮ್95 ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಗಂಟೆಗಟ್ಟಲೆ ಮಾಡಿಸಿ ಹೋಲಿಸುತ್ತದೆ. 4.4ರಲ್ಲಿ ನಮ್ಮ ಕಂಪ್ಯೂಟರ್ 11ನೇ ನಿಮಿಷಕ್ಕೇ ತಪ್ಪು ಉತ್ತರ ಕೊಟ್ಟಿತು.

ಕ್ರಮವಾಗಿ ಮಾಡಿದಾಗ

ಮಾರನೆಯ ದಿನ ಇಬ್ಬರೂ ಕೂತೆವು. ವಿದ್ಯುತ್ ತಂತಿ ಕಿತ್ತು ಪೆಟ್ಟಿಗೆ ತೆರೆದರೆ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಆರು ವರ್ಷದ ಧೂಳು ಕಂಬಳಿಯಂತೆ ಕೂತಿತ್ತು. ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಬ್ರಷ್ಷಿನಿಂದ ತೆಗೆದೆವು. ಒಣಗಿದ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಬಟಾಣಿ ಕಾಳಿನಷ್ಟು ಹೊಸದನ್ನು ಹಾಕಿದೆವು. ಅಷ್ಟಕ್ಕೇ ಮೂಲ ವೇಗದಲ್ಲಿ ಬಿಸಿ 9 ಡಿಗ್ರಿ ಇಳಿಯಿತು.

ಆಮೇಲೆ ಒಂದೊಂದೇ ಮೆಟ್ಟಿಲು ಏರಿದೆವು. 41, ಪರೀಕ್ಷೆ. 42, ಪರೀಕ್ಷೆ. ವೋಲ್ಟೇಜನ್ನು 1.23ಕ್ಕೆ ಇಟ್ಟು 4.2 ಗಿಗಾಹರ್ಟ್ಸ್‌ನಲ್ಲಿ ಇಡೀ ರಾತ್ರಿ ಪರೀಕ್ಷೆ ನಡೆಸಿದರೂ ಒಂದು ತಪ್ಪೂ ಬರಲಿಲ್ಲ. ಬಿಸಿ 70 ಡಿಗ್ರಿ ದಾಟಲಿಲ್ಲ. ಶೇಕಡ 5 ವೇಗಕ್ಕೆ ಶೇಕಡ 10 ಬಿಸಿ. ಇಷ್ಟು ಬಡ್ಡಿ ಕಟ್ಟಬಹುದು.

ನೀವೂ ಮಾಡುವುದಾದರೆ ಮನೆಯ ಹಿರಿಯರಿಗೆ ಹೇಳಿಯೇ ಮಾಡಿ. ಎಲ್ಲ ಪ್ರೊಸೆಸರುಗಳಿಗೂ ಇದು ಆಗದು. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಗೆ 'ಕೆ' ಇರುವವಕ್ಕೆ ಮಾತ್ರ ಬೀಗ ತೆರೆದಿರುತ್ತದೆ, ಮದರ್‌ಬೋರ್ಡೂ ಒಪ್ಪಬೇಕು. ವಾರಂಟಿ ಹೋಗಬಹುದು. ಲ್ಯಾಪ್‌ಟಾಪಿನ ತಂಟೆಗೆ ಹೋಗಬೇಡಿ, ಅದರೊಳಗೆ ಬಿಸಿ ಹೊರಹೋಗಲು ಜಾಗ ಕಡಿಮೆ. ಎಲ್ಲಕ್ಕಿಂತ ಮೊದಲು, ಬೇಕಾದ ಕಡತಗಳ ಪ್ರತಿ ತೆಗೆದು ಬೇರೆ ಕಡೆ ಇಡಿ.

ನಮ್ಮ ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಇಲ್ಲಿಂದಲೇ ನೋಡಿಕೊಳ್ಳುತ್ತಾರೆ. ಅಷ್ಟು ಎತ್ತರಕ್ಕೆ ಹೋಗಿ ಧೂಳು ಒರೆಸುವವರಿಲ್ಲ, ಸ್ವಿಚ್ಚು ಒತ್ತುವವರಿಲ್ಲ. 2021ರಲ್ಲಿ ಮಂಗಳ ಗ್ರಹಕ್ಕಿಳಿದ ಅಮೆರಿಕದ ಪರ್ಸಿವರೆನ್ಸ್ ಗಾಡಿಯ ಮುಖ್ಯ ಪ್ರೊಸೆಸರಿನ ವೇಗ ಬರೀ 200 ಮೆಗಾಹರ್ಟ್ಸ್ ಆಸುಪಾಸು. ಮೊಮ್ಮಗನ ಮೊಬೈಲ್ ಅದಕ್ಕಿಂತ ಎಷ್ಟೋ ಪಟ್ಟು ಚುರುಕು. ಆದರೆ ಮಂಗಳದಲ್ಲಿ ಬೇಕಾದದ್ದು ತಪ್ಪದ ಲೆಕ್ಕ.

ಕೆಟ್ಟುಹೋದ ಮೂರು ಕ್ಯಾಸೆಟ್ಟುಗಳನ್ನು ಬೀರುವಿನಿಂದ ತೆಗೆದು ಮತ್ತೆ ಹಾಕಿದೆವು. ಎರಡು ಸರಿಯಾಗಿ ಬಂದವು. ಮೂರನೆಯದರ ಟೇಪು ಹಳೆಯದಾಗಿ ಅಂಟಿಕೊಂಡಿತ್ತು, ನಡುವೆ ಸಿಕ್ಕಿ ಹರಿಯಿತು. ಹೆಣ್ಣೊಪ್ಪಿಸುವ ಪದದ ನಾಲ್ಕು ನಿಮಿಷ ಹೋಯಿತು. ಉಳಿದ ಭಾಗದಲ್ಲಿ ಅಮ್ಮ ಹಾಡು ನಿಲ್ಲಿಸಿ, "ಟೇಪು ಓಡ್ತಾ ಇದೆಯೇನೋ?" ಅಂತ ನನ್ನನ್ನು ಕೇಳುವುದಿದೆ. ತನ್ನ ಮುತ್ತಜ್ಜಿಯ ದನಿಯನ್ನು ಹುಡುಗ ಕೇಳಿದ್ದು ಅದೇ ಮೊದಲು. ಅದನ್ನೇ ಎರಡು ಸಲ ಹಾಕಿಸಿಕೊಂಡ.

ಈಗ ರಜೆಗೆ ಬಂದಾಗ ಆಟಕ್ಕೆ 4.2. ನಾನು ಕ್ಯಾಸೆಟ್ ಹಾಕುವ ದಿನ ಅವನೇ ಬಂದು ಅಂಕಿಯನ್ನು 40ಕ್ಕೆ ಇಳಿಸಿ, "ತಾತ, ಎರಡು ಪ್ರತಿ ತೆಗೆದಿಡಿ" ಅಂತ ನನಗೇ ಹೇಳಿ ಹೋಗುತ್ತಾನೆ.