ನಿಮಗಿದು ಗೊತ್ತೆ? ಕಾಡುಕೋಳಿ ಸಾರು ಅಪರಾಧ, ಟರ್ಕಿ ಕೋಳಿಗೆ ಅಡ್ಡಿಯಿಲ್ಲ

ಅಮೆರಿಕದಲ್ಲಿ ಪರವಾನಗಿ ಪಡೆದು, ಗೊತ್ತುಪಡಿಸಿದ ಋತುವಿನಲ್ಲಿ ಕಾಡು ಟರ್ಕಿ ಕೋಳಿಯನ್ನು ಬೇಟೆಯಾಡಿ ತಿನ್ನಬಹುದು. ನಮ್ಮ ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡದ ಕಾಡುಗಳಲ್ಲಿ ಆ ಹಕ್ಕಿ ಇಲ್ಲ. ಇಲ್ಲಿರುವುದು ಅದರ ದೂರದ ನೆಂಟ, ಬೂದು ಕಾಡುಕೋಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದರ ಬೇಟೆ ಅಪರಾಧ. ಹೊಡೆದವರಷ್ಟೇ ಅಲ್ಲ, ಮಾಂಸ ಕೊಂಡವರು, ಮನೆಯಲ್ಲಿಟ್ಟುಕೊಂಡವರೂ ಕಾನೂನಿಗೆ ಸಿಕ್ಕಿಬೀಳುತ್ತಾರೆ. ಆ ಮಾಂಸ ಸರ್ಕಾರದ ಸ್ವತ್ತು!

ಈ ಹಕ್ಕಿಯ ಋಣವಂತೂ ನಮ್ಮ ಅಡುಗೆಮನೆಯ ಮೇಲಿದೆ. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಆದರೆ ಸಾಕುಕೋಳಿಯ ಚರ್ಮಕ್ಕೆ ಹಳದಿ ಬಣ್ಣ ಕೊಡುವ ವಂಶವಾಹಿ ಬಂದದ್ದು ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಟರ್ಕಿ ಕೋಳಿಯೂ ನಮಗೆ ಹೊಸದಲ್ಲ. 1612ರಲ್ಲಿ ಮೊಘಲ್ ಅಧಿಕಾರಿ ಮುಕರ್ರಬ್ ಖಾನ್, ಜೊಯಿಡಾದ ನೆರೆಯ ಗೋವಾದಿಂದ ಅದನ್ನು ಜಹಾಂಗೀರ್ ಬಾದಶಹನಿಗೆ ತಂದೊಪ್ಪಿಸಿದ. ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಅದರ ಸೊಗಸಾದ ಚಿತ್ರ ಬರೆದ.

ಸಾಕಿದ ಟರ್ಕಿ ತಂದರೆ ಹೀಗೆ ಮಾಡಿ: ಎದೆಯ ಮಾಂಸದಲ್ಲಿ ಕೊಬ್ಬು ಕಡಿಮೆ, ಹೆಚ್ಚು ಬೆಂದರೆ ಒಣಗುತ್ತದೆ. ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆನೆಸಿ ಫ್ರಿಜ್‌ನಲ್ಲಿಟ್ಟರೆ ಮೆತ್ತಗಾಗುತ್ತದೆ. ಕಾಲಿನ ಮಾಂಸ ಗಟ್ಟಿ. ಹುರಿದ ಕೊಬ್ಬರಿ ಮಸಾಲೆಯಲ್ಲಿ ಸಣ್ಣ ಉರಿಯ ಮೇಲೆ ನಿಧಾನವಾಗಿ ಬೇಯಬೇಕು. ಎಲುಬು ಎಸೆಯಬೇಡಿ, ಒಳ್ಳೆಯ ಸಾರಾಗುತ್ತದೆ. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ತಲುಪಿದರೆ ತಿನ್ನಲು ಸುರಕ್ಷಿತ.

ಪ್ರವಾಸದಲ್ಲಿ ಯಾರಾದರೂ ‘ಕಾಡುಕೋಳಿ ಊಟ ಇದೆ’ ಎಂದರೆ ಬೇಡವೆನ್ನಿ, ಅರಣ್ಯ ಇಲಾಖೆಗೆ ತಿಳಿಸಿ.